ಕಿವಿಯಂತ್ರ ಕೊಟ್ಟು ಕಳಿಸುವ ಮುನ್ನ ಅವರ ದನಿ ಅವರಿಗೆ ಹೇಗಿದೆ ಕೇಳಿ

ಮಾನ್ಯ ಸಂಪಾದಕರೆ,

ಶಿಬಿರದಲ್ಲೋ ಅಂಗಡಿಯಲ್ಲೋ ಕಿವಿಯಂತ್ರ ಹಾಕಿಸಿಕೊಂಡ ಹಿರಿಯರು ಹದಿನೈದು ದಿನದೊಳಗೆ ಅದನ್ನು ಡಬ್ಬಿಗೆ ಹಾಕಿ ದೇವರ ಗೂಡಿನ ಪಕ್ಕ ಇಟ್ಟುಬಿಡುವುದು ನಮ್ಮ ದಾವಣಗೆರೆ, ಚಿತ್ರದುರ್ಗದ ಕಡೆ ಹೊಸ ಸಂಗತಿಯಲ್ಲ. ಮನೆಯವರು "ಅವರಿಗೆ ಹಟ" ಎನ್ನುತ್ತಾರೆ. ಯಂತ್ರ ಕೊಟ್ಟವರು "ಇನ್ನೂ ಅಭ್ಯಾಸ ಆಗಿಲ್ಲ" ಎನ್ನುತ್ತಾರೆ. ಹಾಕಿಕೊಂಡವರನ್ನೇ ಕೂರಿಸಿ ಕೇಳಿದರೆ ಬರುವ ಉತ್ತರ ಬೇರೆ: "ಬ್ಯಾರೆಯೋರ ಮಾತು ಕೇಳ್ತತಿ ಬಿಡ್ರಿ, ಆದ್ರ ನನ್ ದನಿ ನನಗೇ ಗಡಿಗಿಯೊಳಗ ಬಾಯಿಟ್ಟು ಮಾತಾಡ್ದಂಗ ಕೇಳ್ತತಿ." ಈ ದೂರನ್ನು ಯಾರೂ ಬರೆದುಕೊಳ್ಳುವುದಿಲ್ಲ. ಬರೆದುಕೊಂಡರೆ ಬಹಳಷ್ಟು ಸಲ ಅದಕ್ಕೆ ಕೂತಲ್ಲೇ ಪರಿಹಾರವಿದೆ. ಆ ಪರಿಹಾರ ಅರ್ಥವಾಗಬೇಕಾದರೆ, ಮಿದುಳು "ಇದು ನನ್ನ ದನಿ, ಅದು ಬೇರೆಯವರದು" ಎಂದು ವಿಂಗಡಿಸುವುದು ಹೇಗೆ ಎನ್ನುವಲ್ಲಿಂದ ಶುರು ಮಾಡಬೇಕು. ಆದ್ದರಿಂದ ಈ ಪತ್ರ ತುಸು ಉದ್ದ.

ಮಾತಾಡುವಾಗ ನಮ್ಮ ದನಿ ನಮಗೆ ಎರಡು ದಾರಿಯಲ್ಲಿ ಬರುತ್ತದೆ. ಒಂದು, ಬಾಯಿಂದ ಹೊರಟು ಕೆನ್ನೆ ಬಳಸಿ ಗಾಳಿಯಲ್ಲಿ ಕಿವಿ ಸೇರುವುದು. ಗೇಣಿನಷ್ಟೂ ದೂರವಿಲ್ಲ, ಅರ್ಧ ಮಿಲಿಸೆಕೆಂಡಿನ ಪಯಣ. ಇನ್ನೊಂದು, ಧ್ವನಿಪೆಟ್ಟಿಗೆಯ ಅದುರು ದವಡೆ, ತಲೆಬುರುಡೆ ಹಿಡಿದು ನೇರ ಒಳಗಿವಿಗೆ ಇಳಿಯುವುದು. ಈ ಎರಡು ಪಾಲೂ ಹೆಚ್ಚುಕಡಿಮೆ ಸಮಬಲದವು ಎಂದು 1949ರಲ್ಲಿ ತೋರಿಸಿದವರು ಹಂಗೇರಿ ಮೂಲದ ಗಿಯಾರ್ಗ್ ಫಾನ್ ಬೇಕೇಶಿ. ಒಳಗಿವಿಯ ಕೆಲಸವನ್ನು ಬಿಡಿಸಿ ಹೇಳಿದ್ದಕ್ಕೆ 1961ರಲ್ಲಿ ಅವರಿಗೆ ನೊಬೆಲ್ ಬಂತು. ಮೂಳೆಯ ದಾರಿಯನ್ನು ಈಗಲೇ ನೋಡಬಹುದು. ಬಾಯಿ ಮುಚ್ಚಿ "ಮ್‌ಮ್" ಎಂದು ಗುನುಗಿ. ಸದ್ದು ತಲೆಯ ನಡುವೆ ಇರುತ್ತದೆ. ಗುನುಗುತ್ತಲೇ ಬಲಗಿವಿಯನ್ನು ಬೆರಳಿನಿಂದ ಮುಚ್ಚಿ. ಸದ್ದು ಪಟ್ಟನೆ ಬಲಕ್ಕೆ ಹಾರುತ್ತದೆ. ಮುಚ್ಚಿದ ಕಿವಿಯಲ್ಲೇ ಜೋರಾಗಿ ಕೇಳುತ್ತದೆ. ಗಡಿಗೆಯ ಗುಟ್ಟು ಇದರಲ್ಲೇ ಇದೆ, ಮುಂದೆ ಬರುತ್ತದೆ.

ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ ದನಿ ಕೇಳಿ "ಛೀ, ನಾನು ಹೀಗೆ ಮಾತಾಡ್ತೀನಾ?" ಎನ್ನುವುದಕ್ಕೂ ಇದೇ ಕಾರಣ. ಮೈಕಿಗೆ ಸಿಗುವುದು ಗಾಳಿಯ ಪಾಲು ಮಾತ್ರ, ಮೂಳೆಯ ಪಾಲು ಇಲ್ಲ. ಜೊತೆಗೆ ಸ, ಶ, ಚ ಮುಂತಾದ ಚೂಪು ಸದ್ದುಗಳು ಬಾಯಿಂದ ಮುಂದಕ್ಕೆ ಚಿಮ್ಮುತ್ತವೆ, ಹಿಂದೆ ತಿರುಗಿ ನಮ್ಮ ಕಿವಿಗೆ ಬರುವುದು ಕಡಿಮೆ. ಎದುರಿಗಿರುವ ಮೈಕು ಅವನ್ನು ಪೂರ್ತಿ ಹಿಡಿಯುತ್ತದೆ. ಹಾಗಾಗಿ ದನಿ ತೆಳ್ಳಗೆ, ಚೂಪಾಗಿ ಕೇಳುತ್ತದೆ. ಪಕ್ಕದವರಿಗೆ ಮಾತ್ರ ಆ ರೆಕಾರ್ಡಿಂಗ್ ನಮ್ಮದೇ ದನಿ, ಏನೂ ಫರಕಿಲ್ಲ. ಸ್ವಿಟ್ಜರ್‌ಲೆಂಡಿನ ಲೊಸಾನ್ ನಗರದ ಸಂಶೋಧಕರು ಒಬ್ಬರ ದನಿಯನ್ನು ಬೇರೆಯವರ ದನಿಯೊಂದಿಗೆ ಬೆರೆಸಿ ಕೇಳಿಸಿ, ಇದರಲ್ಲಿ ಯಾರದು ಹೆಚ್ಚು ಎಂದು ಕೇಳಿದರು. ಕಿವಿಗೆ ಇಡುವ ಸಾಮಾನ್ಯ ಹೆಡ್‌ಫೋನಿಗಿಂತ ಮೂಳೆಯ ಮೇಲೆ ಕೂರುವ ಹೆಡ್‌ಫೋನಿನಲ್ಲಿ ಜನ ತಮ್ಮ ದನಿಯನ್ನು ಚೆನ್ನಾಗಿ ಗುರುತಿಸಿದರು. 2023ರಲ್ಲಿ ಪ್ರಕಟವಾದ ಕೆಲಸ ಅದು.

ಆದರೆ ಮಿದುಳು ಮಾತಿನ ಮಧ್ಯೆ ತನ್ನ ದನಿಯನ್ನು ಗುರುತಿಸುವುದು ಬರೀ ನಾದದಿಂದಲ್ಲ. ನೆಗಡಿಯಾಗಿ ದನಿ ಕೂತರೂ "ಯಾರೋ ಮಾತಾಡ್ತಿದ್ದಾರೆ" ಎಂದು ನಾವು ತಿರುಗಿ ನೋಡುವುದಿಲ್ಲವಲ್ಲ. ಏಕೆಂದರೆ ಮಿದುಳಿಗೆ ಮೊದಲೇ ಗೊತ್ತಿರುತ್ತದೆ. ನಾಲಿಗೆ, ತುಟಿ, ಧ್ವನಿಪೆಟ್ಟಿಗೆಗೆ ಆದೇಶ ಹೊರಡುವಾಗಲೇ ಅದರದೊಂದು ನಕಲು ಶ್ರವಣ ಕೇಂದ್ರಕ್ಕೂ ಹೋಗುತ್ತದೆ. ಸರ್ಕಾರಿ ಕಚೇರಿಯ ಭಾಷೆಯಲ್ಲಿ "ಪ್ರತಿ: ಶ್ರವಣ ವಿಭಾಗಕ್ಕೆ, ಮಾಹಿತಿಗಾಗಿ". ಇಂಥ ಸದ್ದು ಇಷ್ಟು ಹೊತ್ತಿಗೆ ಬರಲಿದೆ ಎಂಬ ಅಂದಾಜು ಸಿದ್ಧವಾಗುತ್ತದೆ. ಬಂದ ಸದ್ದು ಅಂದಾಜಿಗೆ ಹೊಂದಿದರೆ "ನಮ್ಮದೇ" ಎಂದು ಅದರ ಸದ್ದಡಗಿಸುತ್ತದೆ. ಹೊಂದದಿದ್ದರೆ ಎಚ್ಚರಗೊಳ್ಳುತ್ತದೆ. 1950ರಲ್ಲಿ ಜರ್ಮನಿಯ ಫಾನ್ ಹೋಲ್ಸ್ಟ್ ಮತ್ತು ಮಿಟೆಲ್‌ಶ್ಟೆಟ್ ಜೋಡಿ, ಅದೇ ವರ್ಷ ಅಮೆರಿಕದ ರೋಜರ್ ಸ್ಪೆರಿ, ಬೇರೆಬೇರೆಯಾಗಿಯೇ ಈ ವಿಚಾರಕ್ಕೆ ಬಂದರು. ನಮಗೆ ನಾವೇ ಕಚಗುಳಿ ಇಟ್ಟುಕೊಂಡರೆ ನಗು ಬಾರದಿರುವುದೂ ಇದೇ ಲೆಕ್ಕ.

ತಲೆಗೆ ಎಲೆಕ್ಟ್ರೋಡು ಅಂಟಿಸಿ ನೋಡಿದರೆ ಇದು ಕಾಗದದ ಮೇಲೇ ಕಾಣುತ್ತದೆ. ಯಾವುದೇ ಸದ್ದು ಕೇಳಿದ ಸುಮಾರು 100 ಮಿಲಿಸೆಕೆಂಡಿಗೆ ಮಿದುಳಿನ ವಿದ್ಯುತ್ತಿನಲ್ಲಿ ಒಂದು ಅಲೆ ಏಳುತ್ತದೆ. ನಾವೇ "ಆ" ಎಂದಾಗ ಆ ಅಲೆ ಚಿಕ್ಕದು. ಅದೇ "ಆ"ವನ್ನು ರೆಕಾರ್ಡ್ ಮಾಡಿ ಕೇಳಿಸಿದರೆ ದೊಡ್ಡದು. ದನಿ ಅದೇ, ಕಿವಿ ಅದೇ, ಮುಖ್ಯ ವ್ಯತ್ಯಾಸ ಆದೇಶದ ಪ್ರತಿ ಹೋಗಿದೆಯೋ ಇಲ್ಲವೋ ಎನ್ನುವುದು. ಮಾರ್ಮೊಸೆಟ್ ಎಂಬ ಪುಟ್ಟ ಕೋತಿಗಳಲ್ಲಿ 2003ರಲ್ಲಿ ಕಂಡದ್ದು ಇನ್ನೂ ಸೊಗಸು: ಕೋತಿ ಕೂಗುವುದಕ್ಕೆ ಮೊದಲೇ ಅದರ ಶ್ರವಣ ಕೇಂದ್ರದ ಅನೇಕ ನರಕೋಶಗಳು ಸುಮ್ಮನಾಗಿಬಿಡುತ್ತವೆ. ನಂತರದ ಪ್ರಯೋಗದಲ್ಲಿ ಕಂಡಂತೆ, ಕೂಗುವಾಗ ಅದರ ದನಿಯ ಶ್ರುತಿಯನ್ನು ಯಂತ್ರದಲ್ಲಿ ಬದಲಿಸಿ ಅದಕ್ಕೇ ಕೇಳಿಸಿದರೆ, ಸುಮ್ಮನಿದ್ದ ಕೋಶಗಳು ಮತ್ತೆ ಚುರುಕಾಗುತ್ತವೆ.

ಅಷ್ಟು ದೂರ ಯಾಕೆ, ಮಳೆಗಾಲದ ರಾತ್ರಿ ಮನೆ ಮೂಲೆಯಲ್ಲಿ ರೆಕ್ಕೆ ಉಜ್ಜಿ ಕಿರ್ರೋ ಎನ್ನುವ ಜೀರುಂಡೆಯನ್ನೇ ನೋಡಿ. ಅದರ ಸದ್ದು ಅದರ ಪಕ್ಕದಲ್ಲೇ 100 ಡೆಸಿಬೆಲ್ ಮುಟ್ಟುತ್ತದೆ. ಕಿವಿ ಇರುವುದು ಮುಂಗಾಲಿನಲ್ಲಿ. ಹಾಗಿದ್ದೂ ಅದು ತನ್ನ ಸದ್ದಿಗೆ ಕಿವುಡಾಗದೆ, ಎರಡು ಕಿರ್ರುಗಳ ಸಂದಿಯಲ್ಲಿ ಹೊರಗಿನ ಸಪ್ಪಳ ಆಲಿಸುತ್ತದೆ. ಕಿರ್ರ್ ಎನ್ನುವ ಆದೇಶದ ಪ್ರತಿಯನ್ನು ಶ್ರವಣ ನರಗಳಿಗೆ ಮುಟ್ಟಿಸುವ ನರಕೋಶವನ್ನೇ 2006ರಲ್ಲಿ ಗುರುತಿಸಿದರು. ಮನುಷ್ಯನಲ್ಲಿ ಇದರ ಜೊತೆಗೆ ಇನ್ನೊಂದು ಏರ್ಪಾಡಿದೆ. ನಡುಗಿವಿಯ ಸ್ಟೇಪೀಡಿಯಸ್, ಅಂದರೆ ದೇಹದ ಎಲುಬಿಗೆ ಅಂಟಿದ ಸ್ನಾಯುಗಳಲ್ಲೆಲ್ಲ ಅತಿ ಚಿಕ್ಕದು, ನಾವು ದನಿ ತೆಗೆಯುವುದಕ್ಕೆ ತುಸು ಮೊದಲೇ ಬಿಗಿಯುತ್ತದೆ. ಮುಖದ ಅರ್ಧಭಾಗ ಸೊಟ್ಟಗಾಗುವ ಬೆಲ್ಸ್ ಪಾಲ್ಸಿಯಲ್ಲಿ ಕೆಲವರಿಗೆ ಆ ಬದಿಯ ಕಿವಿಯಲ್ಲಿ ಸದ್ದೆಲ್ಲ ಕರ್ಕಶವಾಗುವುದು ಏಕೆಂದರೆ ಈ ಸ್ನಾಯುವಿಗೂ ಅದೇ ಮುಖದ ನರದ ಕವಲೇ ಹೋಗುತ್ತದೆ.

ಅಂದಾಜಿನಲ್ಲಿ ಹೊತ್ತು ಎಷ್ಟು ಮುಖ್ಯ ಎನ್ನುವುದನ್ನು ದಾವಣಗೆರೆಯ ಹೈಸ್ಕೂಲ್ ಮೈದಾನದಂಥ ಬಯಲಿನ ಯಾವ ಸಭೆಯಲ್ಲೂ ನೋಡಬಹುದು. ಚೆನ್ನಾಗಿಯೇ ಮಾತಾಡುವವರು ವೇದಿಕೆಗೆ ಬಂದು ಎಳೆಯಲು, ತೊದಲಲು ಶುರು ಮಾಡುತ್ತಾರೆ. ಸಭಾಕಂಪವೇ ಇರಬೇಕೆಂದಿಲ್ಲ. ದನಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ವೇದಿಕೆಗೆ ಮುಖ ಮಾಡಿದ ಹಾರ್ನ್ ಸುಮಾರು 70 ಮೀಟರ್ ಆಚೆ ಇದ್ದರೆ ಮಾತಾಡಿದವರ ದನಿ ಅವರಿಗೆ 200 ಮಿಲಿಸೆಕೆಂಡ್ ತಡವಾಗಿ ವಾಪಸ್ ಬರುತ್ತದೆ. ಮಾತನ್ನು ಅತಿ ಹೆಚ್ಚು ಕೆಡಿಸುವ ತಡ ಸರಿಸುಮಾರು ಅಷ್ಟೇ. 1950ರಿಂದಲೂ ಪ್ರಯೋಗಗಳಲ್ಲಿ ಇದು ಮತ್ತೆಮತ್ತೆ ಕಂಡಿದೆ. ದುರ್ಗದ ಕೋಟೆಯಲ್ಲಿ 34 ಮೀಟರ್ ದೂರದ ಬಂಡೆಯ ಎದುರು ಕೂಗಿದರೂ ಲೆಕ್ಕ ಅದೇ, ಹೋಗಿ ಬರುವ ದಾರಿ ಸೇರಿ. ಆದರೆ ಅಲ್ಲಿ "ಓ" ಎಂದು ಕೂಗಿ ನಿಲ್ಲಿಸುತ್ತೇವೆ, ಭಾಷಣ ಮಾಡುವುದಿಲ್ಲ, ಅದಕ್ಕೇ ತೊದಲುವುದಿಲ್ಲ. ಸೌಂಡ್ ಸರ್ವಿಸ್‌ನವರು ದೂರದ ಹಾರ್ನಿನ ಬಾಯಿ ವೇದಿಕೆಯಿಂದ ಆಚೆಗೆ ತಿರುಗಿಸಿ, ಮಾತಾಡುವವರ ಕಾಲ ಬುಡದಲ್ಲಿ ಒಂದು ಮಾನಿಟರ್ ಬಾಕ್ಸ್ ಇಟ್ಟರೆ ಸಾಕು. ಶಾಲೆಗಳಲ್ಲಿ ಮೈಕನ್ನು ಬ್ಲೂಟೂತ್ ಸ್ಪೀಕರಿಗೆ ಜೋಡಿಸುವ ರೂಢಿ ಬಂದಿದೆ. ಬ್ಲೂಟೂತಿನಲ್ಲಿ 100ರಿಂದ 200 ಮಿಲಿಸೆಕೆಂಡ್ ತಡ ಮಾಮೂಲು. ಪ್ರಾರ್ಥನೆ ಹೇಳುವ ಮಗು ತಡವರಿಸಿದರೆ ಮಗುವನ್ನು ಗದರುವ ಮೊದಲು ವೈರು ಹಾಕಿ ನೋಡಿ.

ಆದೇಶದ ಪ್ರತಿಯೇ ಶ್ರವಣ ವಿಭಾಗಕ್ಕೆ ತಲುಪದಿದ್ದರೆ? ಸ್ಕಿಜೋಫ್ರೇನಿಯಾ ಕಾಯಿಲೆಯಲ್ಲಿ ಯಾರೂ ಇಲ್ಲದ ಕಡೆ ಮಾತು ಕೇಳುವುದಕ್ಕೆ ಇರುವ ಮುಖ್ಯ ವಿವರಣೆಗಳಲ್ಲಿ ಇದೂ ಒಂದು. ಮನಸ್ಸಿನೊಳಗಿನ ಮಾತಿಗೆ "ನನ್ನದು" ಎಂಬ ಮೊಹರು ಬೀಳದೆ ಅದು ಹೊರಗಿನವರ ಮಾತಾಗಿ ಕೇಳುತ್ತದೆ ಎಂಬ ವಾದ. ಈ ಕಾಯಿಲೆ ಇರುವವರು ಮಾತಾಡುವಾಗ ಮೇಲೆ ಹೇಳಿದ 100 ಮಿಲಿಸೆಕೆಂಡಿನ ಅಲೆ ಇತರರಲ್ಲಿ ತಗ್ಗುವಷ್ಟು ತಗ್ಗುವುದಿಲ್ಲ ಎಂಬುದು ಇದಕ್ಕೆ ಆಧಾರ. ಎಲ್ಲವನ್ನೂ ಈ ಒಂದೇ ಎಳೆಯಿಂದ ವಿವರಿಸಲಾಗದು, ಆದರೆ ಮನೆಯವರಿಗೆ ಬೇಕಾದಷ್ಟು ಇದರಲ್ಲಿದೆ: ರೋಗಿ ನಾಟಕ ಮಾಡುತ್ತಿಲ್ಲ, ಅವರಿಗೆ ನಿಜಕ್ಕೂ ಕೇಳುತ್ತಿದೆ. "ಸುಳ್ಳು, ಯಾರೂ ಮಾತಾಡ್ತಿಲ್ಲ" ಎಂದು ವಾದಕ್ಕಿಳಿಯುವುದರಿಂದ ಪ್ರಯೋಜನವಿಲ್ಲ. "ನಿನಗೆ ಕೇಳ್ತಿದೆ, ನನಗೆ ಕೇಳ್ತಿಲ್ಲ. ಏನು ಹೇಳ್ತಿದೆ?" ಎಂದು ಕೇಳಬೇಕು. ತನಗೋ ಇತರರಿಗೋ ಹಾನಿ ಮಾಡಿಕೊ ಎಂದು ಆ ದನಿ ಅಪ್ಪಣೆ ಕೊಡುತ್ತಿದ್ದರೆ ಅದೇ ದಿನ ಮನೋವೈದ್ಯರ ಬಳಿ ಹೋಗಬೇಕು. ತಾಯಿತ ಕಟ್ಟಿಸುವುದು ಬಿಡುವುದು ಮನೆಯವರ ನಂಬಿಕೆ. ಔಷಧಿ ಮಾತ್ರ ಅದಕ್ಕಾಗಿ ಕಾಯಬಾರದು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಕಿವಿ ತೀರಾ ಮಂದವಾದ ಹಿರಿಯರಿಗೆ ಹಳೆಯ ಹಾಡು, ಭಜನೆ ಕೇಳಿಸುವುದು ಬೇರೆ. ಅದು ಹುಚ್ಚಲ್ಲ, ಸದ್ದಿಲ್ಲದೆ ಹಸಿದ ಮಿದುಳು ತಾನೇ ಸದ್ದು ಕಟ್ಟಿಕೊಳ್ಳುವುದು. ಕಿವಿಯಂತ್ರ ಹಾಕಿದರೆ ಅನೇಕರಲ್ಲಿ ಕಡಿಮೆಯಾಗುತ್ತದೆ.

ಈಗ ಗಡಿಗೆಗೆ ಬರೋಣ. ಕಿವಿಯ ನಾಳ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದ. ಹೊರಗಿನ ಮೂರನೇ ಒಂದು ಪಾಲು ಮೆದುಮೂಳೆ, ಒಳಗಿನದು ಗಟ್ಟಿ ಮೂಳೆ. ನಾವು ಮಾತಾಡುವಾಗ ಆ ಮೆದುಮೂಳೆಯ ಗೋಡೆ ಅದುರಿ ನಾಳದೊಳಗೇ ಸದ್ದು ಹುಟ್ಟಿಸುತ್ತದೆ. ಕಿವಿ ತೆರೆದಿದ್ದರೆ ಅದು ಹೊರಗೆ ಹೋಗಿಬಿಡುತ್ತದೆ. ಕಿವಿಯಂತ್ರದ ಮೋಲ್ಡ್, ಅಂದರೆ ಕಿವಿಯ ಅಚ್ಚು ತೆಗೆದು ಮಾಡಿದ, ನಾಳದೊಳಗೆ ಕೂರುವ ಭಾಗ, ಬಿರಡೆಯಂತೆ ಕೂತರೆ ಸದ್ದು ಒಳಗೇ ಸಿಕ್ಕಿಕೊಂಡು ಕಿವಿಯ ತಮಟೆಗೆ ಬಡಿಯುತ್ತದೆ. 500 ಹರ್ಟ್ಸ್‌ಗಿಂತ ಕೆಳಗಿನ ಸದ್ದು ಹೀಗೆ 20 ಡೆಸಿಬೆಲ್‌ವರೆಗೂ ಏರಬಹುದು. ಮಿದುಳಿನ ಬಳಿ ಇರುವುದು ಎಪ್ಪತ್ತು ವರ್ಷದ ಹಳೆಯ ಅಂದಾಜು. ಬರುತ್ತಿರುವುದು ಬೇರೆಯೇ ದನಿ. ಹೊಂದದ ದನಿಯನ್ನು ಅದು ಸುಮ್ಮನಾಗಿಸಲಾರದು, ಪ್ರತಿ ಮಾತಿಗೂ ಬೆಚ್ಚುತ್ತದೆ. ದಿನವಿಡೀ ಹೀಗಾದರೆ ಯಂತ್ರ ಗೂಡು ಸೇರದೆ ಇನ್ನೇನು?

ಪರೀಕ್ಷೆ ಸುಲಭ. ಯಂತ್ರ ಕಿವಿಯಲ್ಲಿ ಇರುವಾಗ ಮೊದಲು "ಆ" ಎಂದು, ಆಮೇಲೆ "ಈ", "ಊ" ಎಂದು ಎಳೆಯಲು ಹೇಳಿ. "ಈ", "ಊ"ಗಳಲ್ಲಿ ಬಾಯಿ ಕಿರಿದಾಗಿ ಅದುರು ಒಳಗೇ ಹೆಚ್ಚುತ್ತದೆ. ಗಡಿಗೆಯ ದೂರು ಅಲ್ಲಿ ಎದ್ದು ಕಾಣುತ್ತದೆ. ನಂತರ ಬ್ಯಾಟರಿ ಬಾಗಿಲು ತೆಗೆದು ಯಂತ್ರ ಆಫ್ ಮಾಡಿ, ಕಿವಿಯಿಂದ ತೆಗೆಯದೆ ಮತ್ತೆ ಮಾತಾಡಿಸಿ. ಆಫ್ ಆದ ಮೇಲೂ ಗುಂಯ್ ಎಂದರೆ ತಪ್ಪು ಪ್ರೋಗ್ರಾಮಿನದಲ್ಲ, ಮೋಲ್ಡಿನದು. ಆಫ್ ಮಾಡಿದೊಡನೆ ಗುಂಯ್ ಹೋದರೆ ಕೆಳಶ್ರುತಿಯ ವರ್ಧನೆ ಹೆಚ್ಚಾಗಿದೆ, ಕಂಪ್ಯೂಟರಿನಲ್ಲಿ ತಗ್ಗಿಸಬೇಕು. ಈ ಎರಡನ್ನು ಬೇರ್ಪಡಿಸದೆ ಸುಮ್ಮನೆ ವಾಲ್ಯೂಮ್ ಇಳಿಸಿ ಕಳಿಸುವುದೇ ಹೆಚ್ಚು. ಆಗ ಗಡಿಗೆ ಹಾಗೇ ಉಳಿದು, ಬೇರೆಯವರ ಮಾತೂ ಕೇಳದಂತಾಗುತ್ತದೆ.

ತಪ್ಪು ಮೋಲ್ಡಿನದಾದರೆ ಮದ್ದು ವೆಂಟ್, ಅಂದರೆ ಮೋಲ್ಡಿನಲ್ಲಿ ಕೊರೆಯುವ ಗಾಳಿಕಿಂಡಿ. ಸಣ್ಣ ಕಿಂಡಿ ಏನೆಲ್ಲ ಮಾಡಬಲ್ಲದು ಎಂದು ದುರ್ಗದವರಿಗೆ ಹೇಳಬೇಕಿಲ್ಲ. 1 ಮಿ.ಮೀ. ಕಿಂಡಿ ಗಾಳಿಯ ಒತ್ತಡ ಸರಿಮಾಡುತ್ತದೆ ಅಷ್ಟೆ. ಗುಂಯ್ ನಿಜವಾಗಿ ಇಳಿಯಬೇಕಾದರೆ 2ರಿಂದ 3 ಮಿ.ಮೀ. ಬೇಕು. ಕಿಂಡಿ ದೊಡ್ಡದಾದಂತೆ ಕೆಳಶ್ರುತಿಯ ಸದ್ದು ಸೋರುತ್ತದೆ, ಯಂತ್ರದ ಸದ್ದು ಹೊರಬಂದು ಮೈಕಿಗೆ ಮರಳಿ "ಕುಂಯ್" ಎನ್ನುವ ಸೀಟಿ ಶುರುವಾಗುತ್ತದೆ. ಹಾಗಾಗಿ ಕೆಳಶ್ರುತಿ ಚೆನ್ನಾಗಿ ಕೇಳುವವರಿಗೆ ದೊಡ್ಡ ಕಿಂಡಿ ಅಥವಾ ತೂತುಗಳಿರುವ ರಬ್ಬರ್ ಡೋಮ್ ಕೊಡಬೇಕು. ಎಲ್ಲ ಶ್ರುತಿಯಲ್ಲೂ ಕಿವಿ ತೀರಾ ಮಂದವಾದವರಿಗೆ ಮುಚ್ಚಿದ ಮೋಲ್ಡೇ ಗತಿ. ಅವರಿಗೆ ಈ ದೂರೂ ಅಷ್ಟಾಗಿ ಇರುವುದಿಲ್ಲ. ಮೋಲ್ಡ್ ಗಟ್ಟಿ ಮೂಳೆಯವರೆಗೆ ಆಳವಾಗಿ ಕೂತರೂ ಗುಂಯ್ ಕಡಿಮೆ, ಆದರೆ ಅಚ್ಚು ತೆಗೆಯುವುದು ನಾಜೂಕಿನ ಕೆಲಸ, ಕೆಲವರಿಗೆ ನೋವು. ಕಿಂಡಿಯಲ್ಲಿ ಗುಗ್ಗೆ ಕಟ್ಟಿಕೊಂಡರೂ ಗಡಿಗೆ ವಾಪಸ್ ಬರುತ್ತದೆ. ಮನೆಯವರು ವಾರಕ್ಕೊಮ್ಮೆ ಜೊತೆಗೆ ಕೊಟ್ಟ ನೈಲಾನ್ ಎಳೆ ತೂರಿಸಿ ತೆಗೆಯಬೇಕು. ಗುಂಡುಪಿನ್ನು ಬೇಡ.

"ಅಭ್ಯಾಸ ಆಗುತ್ತೆ" ಎನ್ನುವ ಮಾತು ಪೂರ್ತಿ ಸುಳ್ಳಲ್ಲ. ಮಿದುಳು ತನ್ನ ಅಂದಾಜನ್ನು ತಿದ್ದಿಕೊಳ್ಳುತ್ತದೆ. ಯಂತ್ರದಿಂದ ದನಿ ತುಸು ಜೋರು, ತುಸು ಚೂಪು ಆಗಿರುವುದಕ್ಕೆ ಕೆಲವು ವಾರಗಳಲ್ಲಿ ಒಗ್ಗುತ್ತದೆ. ದಿನಕ್ಕೆ 10–15 ನಿಮಿಷ ಈ ಪತ್ರಿಕೆಯನ್ನೇ ಗಟ್ಟಿಯಾಗಿ ಓದಿದರೆ ಬೇಗ ಒಗ್ಗುತ್ತದೆ, ಏಕೆಂದರೆ ಬರಲಿರುವ ಸದ್ದು ಯಾವುದೆಂದು ಮಿದುಳಿಗೆ ಮೊದಲೇ ಗೊತ್ತಿದ್ದು ತಾಳೆ ನೋಡಲು ಸುಲಭ. ಆದರೆ ಬಿರಡೆ ಹಾಕಿದ 20 ಡೆಸಿಬೆಲ್ ಗುಂಯ್‌ಗೆ ಒಗ್ಗಿಕೊಳ್ಳಿ ಎನ್ನುವುದು ಅಳತೆ ತಪ್ಪಿದ ಚಪ್ಪಲಿ ಕೊಟ್ಟು ನಡೆದು ಸರಿಮಾಡಿಕೊಳ್ಳಿ ಎಂದಂತೆ.

ಮನೆಯವರು ಗಮನಿಸಬೇಕಾದ್ದು ಇನ್ನೊಂದಿದೆ. ಕಿವಿ ಮಂದವಾದವರೆಲ್ಲ ಕೂಗಿ ಮಾತಾಡುತ್ತಾರೆ ಎನ್ನುವುದು ತಪ್ಪು. ನರದ ದೋಷ ಇದ್ದವರಿಗೆ ತಮ್ಮ ದನಿಯೂ ಕೇಳದ್ದರಿಂದ ಕೂಗುತ್ತಾರೆ. ತಮಟೆ, ನಡುಗಿವಿಯ ದೋಷ ಇದ್ದವರಿಗೆ ಹೊರಗಿನ ಸದ್ದು ಕಡಿಮೆ, ಮೂಳೆಯಿಂದ ಬರುವ ತಮ್ಮ ದನಿ ಜೋರು. ಅವರು ಮೆಲ್ಲಗೆ ಮಾತಾಡುತ್ತಾರೆ. ರೈಸ್ ಮಿಲ್ಲು, ಮಗ್ಗದ ಷೆಡ್ಡಿನಲ್ಲಿ ಕಿವಿಗೆ ಪ್ಲಗ್ ಹಾಕಿಕೊಂಡವರು ಇದ್ದಕ್ಕಿದ್ದಂತೆ ಮೆಲ್ಲಗೆ ಮಾತಾಡುವುದಕ್ಕೂ ಇದೇ ಕಾರಣ. "ಜೋರಾಗಿ ಹೇಳು" ಎಂದು ನೆನಪಿಸಿ, ಪ್ಲಗ್ ತೆಗೆಸಬೇಡಿ. ಮೊದಲು ಹೇಳಿದ ಗುನುಗುವ ಪರೀಕ್ಷೆ ಇಲ್ಲೂ ಕೆಲಸಕ್ಕೆ ಬರುತ್ತದೆ. ಬೆಳಗ್ಗೆ ಎದ್ದಾಗ ಒಂದು ಕಿವಿ ದಿಢೀರ್ ಕೇಳದಾದರೆ ಬಾಯಿ ಮುಚ್ಚಿ ಗುನುಗಿ. ಸದ್ದು ಕೇಳದ ಕಿವಿಯ ಕಡೆಗೇ ಹೋದರೆ ಗುಗ್ಗೆಯೋ ನೀರೋ ಅಡ್ಡ ಇರುವ ಸಂಭವ ಹೆಚ್ಚು. ಒಳ್ಳೆಯ ಕಿವಿಯ ಕಡೆಗೆ ಹೋದರೆ ನರಕ್ಕೆ ಪೆಟ್ಟಾಗಿರಬಹುದು. ಎಣ್ಣೆ ಬಿಟ್ಟುಕೊಂಡು ಕೂರದೆ ಅವತ್ತೇ ಅಥವಾ ಮರುದಿನವೇ ಕಿವಿ ಮೂಗು ಗಂಟಲು ವೈದ್ಯರಿಗೆ ತೋರಿಸಿ, ಸ್ಟೀರಾಯ್ಡ್ ಚಿಕಿತ್ಸೆ ತಡವಾದಷ್ಟೂ ಫಲ ಕಡಿಮೆ. ಯಾವ ಕಡೆ ಹೋದರೂ ವೈದ್ಯರು ನೋಡಬೇಕು. ಈ ಪರೀಕ್ಷೆ ಅವಸರ ಎಷ್ಟು ಎಂದು ತಿಳಿಯಲಷ್ಟೆ.

ಕಿವಿಯಂತ್ರವೇ ಇಲ್ಲದವರಿಗೂ ತಮ್ಮ ದನಿ ಗುಂಯ್ ಎನ್ನುವುದುಂಟು. ಇತ್ತೀಚೆಗೆ ತೂಕ ಬಹಳ ಇಳಿದಿದ್ದು, ತಮ್ಮ ಉಸಿರಾಟವೂ ಕಿವಿಯಲ್ಲಿ ಕೇಳುತ್ತಿದ್ದು, ಮಲಗಿದರೆ ಕಡಿಮೆಯಾದರೆ ಮೂಗು–ಕಿವಿ ನಡುವಿನ ನಳಿಕೆ ಮುಚ್ಚದೆ ತೆರೆದೇ ಉಳಿದಿರಬಹುದು. ಕಣ್ಣುಗುಡ್ಡೆ ಹೊರಳಿಸಿದ ಸದ್ದೂ ಕೇಳಿದರೆ, ಜೋರು ಸದ್ದಿಗೆ ತಲೆ ಸುತ್ತಿದರೆ, ಒಳಗಿವಿಯ ಅರೆಚಂದ್ರ ನಾಳದ ಮೇಲಿನ ಮೂಳೆ ತೆಳುವಾಗಿ ತೂತಾಗಿರಬಹುದು. 1998ರಲ್ಲಷ್ಟೇ ವಿವರವಾಗಿ ದಾಖಲಾದ ತೊಂದರೆ ಇದು. ಇವರನ್ನು "ಎಲ್ಲ ಭ್ರಮೆ" ಎಂದು ವಾಪಸ್ ಕಳಿಸಬಾರದು.

ಶಿಬಿರ ನಡೆಸುವವರಲ್ಲಿ ನಮ್ಮ ಕೋರಿಕೆ ಇಷ್ಟು. ಕಿವಿಯಂತ್ರದ ಜೊತೆ ಕೊಡುವ ಕಾರ್ಡಿನಲ್ಲಿ ಬ್ಯಾಟರಿ ಸಂಖ್ಯೆಗೆ, ವಾರಂಟಿ ದಿನಾಂಕಕ್ಕೆ ಜಾಗವಿರುತ್ತದೆ. ಅದರ ಕೆಳಗೆ ಇನ್ನೊಂದು ಸಾಲು ಹಾಕಿ: "ಸ್ವಂತ ದನಿ: ಆನ್ ಇದ್ದಾಗ ಹೇಗೆ, ಆಫ್ ಇದ್ದಾಗ ಹೇಗೆ, ವೆಂಟ್ ಎಷ್ಟು ಮಿ.ಮೀ." ಆ ಸಾಲು ತುಂಬದೆ ಯಾರನ್ನೂ ಬಸ್ಸು ಹತ್ತಿಸಬೇಡಿ. ಎರಡು ವಾರದ ನಂತರದ ಮರುಭೇಟಿಗೆ ಮೂರು ಅಳತೆಯ ಡೋಮುಗಳನ್ನೂ ಮೋಲ್ಡ್ ಕೊರೆಯುವ ಕೈಯಂತ್ರವನ್ನೂ ತನ್ನಿ.

– ವಾಕ್ ಮತ್ತು ಶ್ರವಣ ತಜ್ಞರು, ದಾವಣಗೆರೆ